ಬಸದಿಯ ಪಹಣಿ, ಪಂಚಾಯ್ತಿಯ ಕಡತ: ತಿದ್ದುಪಡಿಯ ನಂತರ ಮಾಹಿತಿ ಹಕ್ಕನ್ನು ಬಳಸುವ ಬಗೆ

2025ರ ನವೆಂಬರ್ ಮಧ್ಯಭಾಗದಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳನ್ನು ಪ್ರಕಟಿಸಿತು. ಮೊಬೈಲ್ ಆ್ಯಪ್‌ಗಳು, ಬ್ಯಾಂಕುಗಳು, ಕಂಪನಿಗಳು ನಮ್ಮ ವಿವರಗಳನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು. ಅದೇ ಸಂದರ್ಭದಲ್ಲಿ ಆ ಕಾಯ್ದೆಯ ಸೆಕ್ಷನ್ 44(3) ಕೂಡ ಜಾರಿಗೆ ಬಂತು. ಹಳ್ಳಿಯ ಪಂಚಾಯ್ತಿಯಿಂದ ಹಿಡಿದು ಜಿಲ್ಲಾಧಿಕಾರಿ ಕಚೇರಿಯವರೆಗೆ ದಾಖಲೆ ಕೇಳಿ ಹೋಗುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು ಈ ಸೆಕ್ಷನ್. ಇದು 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಅನ್ನು ಬದಲಾಯಿಸಿದೆ.

ಬದಲಾವಣೆ ಏನು? ಮೊದಲು ಒಬ್ಬ ವ್ಯಕ್ತಿಯ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅಧಿಕಾರಿ ಒಂದು ಲೆಕ್ಕಾಚಾರ ಮಾಡಬೇಕಿತ್ತು. ಆ ಮಾಹಿತಿಗೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲ, ಅಥವಾ ಅದನ್ನು ಕೊಟ್ಟರೆ ಆ ವ್ಯಕ್ತಿಯ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗುತ್ತದೆ ಎಂದು ತೋರಬೇಕಿತ್ತು. ಅದನ್ನು ಮೀರಿದ ಸಾರ್ವಜನಿಕ ಹಿತ ಇದ್ದರೆ ಕೊಡಲೇಬೇಕಿತ್ತು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ಪ್ರಜೆಗೂ ನಿರಾಕರಿಸಬಾರದು ಎಂಬ ಮಾತೂ ಅಲ್ಲಿತ್ತು. ಈಗ ಇವೆಲ್ಲ ಹೋಗಿ, ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ ಉಳಿದಿದೆ. ಕಡತದಲ್ಲಿ ಯಾರದಾದರೂ ಹೆಸರಿದ್ದರೆ ಸಾಕು, ‘ಕೊಡಲು ಬರುವುದಿಲ್ಲ’ ಎಂದು ಹಿಂಬರಹ ಕೊಡುವುದು ಅಧಿಕಾರಿಗೆ ಸುಲಭವಾಗಿದೆ.

ಹಾಗಾದರೆ ಮಾಹಿತಿ ಹಕ್ಕು ಮುಗಿದೇ ಹೋಯಿತೇ? ಇಲ್ಲ. ನಮ್ಮ ಸಮಾಜದ ಕುಟುಂಬಗಳಿಗೆ ಮತ್ತು ಬಸದಿಗಳಿಗೆ ನಿಜವಾಗಿ ಬೇಕಾಗುವ ದಾಖಲೆಗಳಲ್ಲಿ ಬಹುಪಾಲು ಈಗಲೂ ಸಿಗುತ್ತವೆ. ಆದರೆ ಕೇಳುವ ರೀತಿ ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ವ್ಯಕ್ತಿಯ ಬಗ್ಗೆ ಕೇಳಿದರೆ ಬಾಗಿಲು ಮುಚ್ಚಬಹುದು. ದಾಖಲೆಯ ಹೆಸರು ಹೇಳಿ ಕೇಳಿದರೆ ತೆರೆಯುತ್ತದೆ. ತಕರಾರು ಕೋರ್ಟಿಗೆ ಹೋದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ನಮಗೇಕೆ ಇದು ಹೆಚ್ಚು ಮುಖ್ಯ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ರಾಜ್ಯದ ಜನಸಂಖ್ಯೆಯಲ್ಲಿ ಇದು ಶೇ. 1ಕ್ಕಿಂತ ಕಡಿಮೆ. ಅತಿ ಹೆಚ್ಚು ಜನ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿ ಮತ್ತು ಕರಾವಳಿಯ ಕೆಲವು ಊರುಗಳಲ್ಲಿ ನಮ್ಮವರ ಕೇರಿಗಳೇ ಇವೆ. ಉಳಿದ ಕಡೆ ಚಿತ್ರ ಬೇರೆ. ಎಷ್ಟೋ ಹಳ್ಳಿಗಳಲ್ಲಿ ಹಳೆಯ ಬಸದಿ ಇದೆ, ಅದನ್ನು ನೋಡಿಕೊಳ್ಳಲು ಎರಡೋ ಮೂರೋ ಮನೆಗಳಿವೆ. ಕೆಲವೆಡೆ ಆ ಮನೆಗಳೂ ಉಳಿದಿಲ್ಲ; ಮಕ್ಕಳು ಬೆಂಗಳೂರು, ಹುಬ್ಬಳ್ಳಿ, ಮೈಸೂರು ಸೇರಿದ್ದಾರೆ, ಪೂಜೆಗೆ ಪಕ್ಕದ ಊರಿನಿಂದ ಪುರೋಹಿತರು ಬಂದು ಹೋಗುತ್ತಾರೆ.

ಇಂಥ ಕಡೆ ಬಸದಿಯ ಆಸ್ತಿಯನ್ನು ಕಾಯುವುದು ಜನಬಲವಲ್ಲ, ಕಾಗದ. ಬಸದಿಯ ಸುತ್ತಲಿನ ಜಾಗ ಎಷ್ಟು ಗುಂಟೆ, ಅದರ ಚೆಕ್‌ಬಂದಿ ಏನು, ಪಂಚಾಯ್ತಿ ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಹಿರಿಯರ ನೆನಪಿನಲ್ಲಿ ಮಾತ್ರ ಇದ್ದರೆ, ಅವರ ಕಾಲದ ನಂತರ ಅದಕ್ಕೆ ಆಧಾರವಿರುವುದಿಲ್ಲ. ಪಕ್ಕದ ಗೋಡೆ ಪ್ರತಿ ವರ್ಷ ಒಂದು ಅಡಿ ಮುಂದೆ ಬರುತ್ತದೆ. ಹತ್ತು ವರ್ಷದ ನಂತರ ಕೇಳಲು ಹೋದರೆ ‘ನಿಮ್ಮ ಹತ್ತಿರ ಏನು ದಾಖಲೆ ಇದೆ?’ ಎಂಬ ಪ್ರಶ್ನೆ ನಮಗೇ ಬರುತ್ತದೆ.

ಜಮೀನಿನ ವಿಷಯದಲ್ಲಿ ಇನ್ನೂ ಹಳೆಯ ಕಥೆ ಇದೆ. ಇನಾಂ ರದ್ದಿಯಾತಿ ಕಾನೂನುಗಳು, ನಂತರ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ, ಇವುಗಳಿಂದ ದೇವಸ್ಥಾನ, ಮಠ, ಬಸದಿಗಳ ಉಂಬಳಿ ಜಮೀನುಗಳಲ್ಲಿ ಹೆಚ್ಚಿನವು ಗೇಣಿದಾರರಿಗೆ ಹೋದವು. ಉಳುವವನೇ ಒಡೆಯ ಎಂಬ ಆ ಕಾನೂನಿನ ನ್ಯಾಯವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಯಾವ ಸರ್ವೆ ನಂಬರು ಹೋಯಿತು, ಯಾವುದು ಉಳಿಯಿತು, ಭೂ ನ್ಯಾಯಮಂಡಳಿ ಏನು ಆದೇಶ ಮಾಡಿತು, ಹೋದ ಜಮೀನಿಗೆ ಬದಲಾಗಿ ತಸ್ತೀಕ್ ಅಥವಾ ವರ್ಷಾಶನ ಎಷ್ಟು ಗೊತ್ತಾಯಿತು ಎಂಬುದು ಎಷ್ಟೋ ಬಸದಿಗಳ ಆಡಳಿತ ಸಮಿತಿಗಳಿಗೇ ಈಗ ಗೊತ್ತಿಲ್ಲ. ಉತ್ತರ ಇರುವುದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ.

ಇಪ್ಪತ್ತು ವರ್ಷದ ನಿಯಮ

ತಿದ್ದುಪಡಿಯ ಗದ್ದಲದಲ್ಲಿ ಹಲವರು ಮರೆತ ಒಂದು ಅಂಶ ಇಲ್ಲಿ ನೆರವಿಗೆ ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(3) ಹಾಗೆಯೇ ಉಳಿದಿದೆ. ಅರ್ಜಿ ಹಾಕಿದ ದಿನಕ್ಕಿಂತ 20 ವರ್ಷ ಮೊದಲು ನಡೆದ ಯಾವುದೇ ಸಂಗತಿಯ ಮಾಹಿತಿಯನ್ನು ಕೇಳಿದವರಿಗೆ ಕೊಡಬೇಕು ಎಂದು ಅದು ಹೇಳುತ್ತದೆ. ಇದಕ್ಕೆ ಮೂರೇ ವಿನಾಯಿತಿ: ದೇಶದ ಭದ್ರತೆ ಮತ್ತು ಸಾರ್ವಭೌಮತೆಗೆ ಸಂಬಂಧಿಸಿದ್ದು, ಶಾಸನಸಭೆಗಳ ಹಕ್ಕುಚ್ಯುತಿಗೆ ಸಂಬಂಧಿಸಿದ್ದು ಮತ್ತು ಸಚಿವ ಸಂಪುಟದ ಕಾಗದಪತ್ರ. ವೈಯಕ್ತಿಕ ಮಾಹಿತಿಯ 8(1)(ಜೆ) ಈ ಮೂರರಲ್ಲಿ ಇಲ್ಲ.

ಅಂದರೆ 1970ರ, 80ರ ದಶಕದ ಭೂ ನ್ಯಾಯಮಂಡಳಿ ಆದೇಶ, ಹಳೆಯ ಕೈಬರಹದ ಪಹಣಿ, ಇನಾಂ ರಿಜಿಸ್ಟರು, ಹಳೆಯ ಮ್ಯುಟೇಷನ್ ವಹಿ, ತಸ್ತೀಕ್ ಮಂಜೂರಾತಿ ಕಡತ ಕೇಳಿದಾಗ ‘ಇದರಲ್ಲಿ ಗೇಣಿದಾರರ ಹೆಸರಿದೆ, ವೈಯಕ್ತಿಕ ಮಾಹಿತಿ’ ಎಂದು ತಳ್ಳಿಹಾಕಲು ಕಾನೂನಿನಲ್ಲಿ ಆಧಾರವಿಲ್ಲ. ಅರ್ಜಿಯಲ್ಲೇ ಒಂದು ಸಾಲು ಬರೆಯಿರಿ: ‘ಕೋರಿರುವ ದಾಖಲೆಗಳು 20 ವರ್ಷಕ್ಕೂ ಹಿಂದಿನವು, ಸೆಕ್ಷನ್ 8(3) ಅನ್ವಯ ಒದಗಿಸಲು ಕೋರಿದೆ.’

ಕಡತ ಉಳಿದಿದೆಯೇ ಎಂಬುದು ಬೇರೆ ಪ್ರಶ್ನೆ. ಹೆಚ್ಚಿನ ಕಡೆ ಸಿಗುವ ಉತ್ತರ ‘ಕಡತ ಲಭ್ಯವಿಲ್ಲ’ ಎಂಬುದು. ಅದಕ್ಕೆ ಸುಮ್ಮನಾಗಬೇಕಿಲ್ಲ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡುವುದು ಸೆಕ್ಷನ್ 4(1)(ಎ) ಪ್ರಕಾರ ಕಚೇರಿಯ ಕರ್ತವ್ಯ. ಕಡತ ಕಾಣೆಯಾಗಿದೆ ಎಂಬುದು ನಿರಾಕರಣೆಗೆ ಕಾಯ್ದೆಯಲ್ಲಿರುವ ಕಾರಣವಲ್ಲ. ಅಂಥಲ್ಲಿ ಹುಡುಕಾಟ, ವಿಚಾರಣೆ ನಡೆಯಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿದೆ. ಕಡತ ಯಾವ ವರ್ಷ ಯಾವ ಶಾಖೆಯಿಂದ ದಾಖಲೆ ಕೊಠಡಿಗೆ ಹೋಯಿತು ಎಂಬ ವಹಿಯ ಪ್ರತಿ ಕೇಳಿ. ಕಡತ ಸಿಗದಿದ್ದರೂ ಅದು ಇತ್ತು ಎಂಬುದಕ್ಕೆ ಆ ವಹಿಯೇ ಸಾಕ್ಷಿಯಾಗುತ್ತದೆ.

ರಾಜ್ಯದ ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಡಿ ತಹಸೀಲ್ದಾರ್ ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಇದರಿಂದ ಹುಡುಕುವುದು ಸುಲಭವಾಗುತ್ತದೆ. ಜೊತೆಗೆ ಇನ್ನೊಂದು ಮಾತು: ಸ್ಕ್ಯಾನ್ ಆಗುವ ಕಾಲದಲ್ಲಿ ಇಲ್ಲದ ಕಡತ ಮುಂದೆ ಸಿಗುವ ಸಾಧ್ಯತೆ ಕಡಿಮೆ. ನಿಮ್ಮ ಬಸದಿಯ ಕಡತ ಇದೆಯೇ ಎಂದು ವಿಚಾರಿಸಲು ಇದು ಸರಿಯಾದ ಸಮಯ.

ಮೊದಲು ನೇರ ದಾರಿ, ಆಮೇಲೆ ಮಾಹಿತಿ ಹಕ್ಕು

ಎಲ್ಲದಕ್ಕೂ ಮಾಹಿತಿ ಹಕ್ಕಿನ ಅರ್ಜಿ ಬೇಕಿಲ್ಲ. ಶುಲ್ಕ ಕಟ್ಟಿ ನೇರವಾಗಿ ಪಡೆಯಬಹುದಾದ ದಾಖಲೆಗೆ 30 ದಿನ ಕಾಯುವುದೇಕೆ?

ಪಹಣಿ (ಆರ್‌ಟಿಸಿ, ಬೆಳಗಾವಿ ಕಡೆ ಉತಾರ ಎನ್ನುತ್ತಾರೆ), ಮ್ಯುಟೇಷನ್ ಪ್ರತಿ ಭೂಮಿ ತಂತ್ರಾಂಶದಲ್ಲಿ, ನಾಡಕಚೇರಿಯಲ್ಲಿ ಸಿಗುತ್ತವೆ. ಪಹಣಿ ಬಂದ ಮೇಲೆ ಮೂರು ಕಾಲಂ ಓದಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಇತರ ಹಕ್ಕು ಮತ್ತು ಋಣ, 12ನೇ ಕಾಲಂನಲ್ಲಿ ಸಾಗುವಳಿಯ ವಿವರ. ಬಸದಿಯ ಹೆಸರು 9ರಲ್ಲಿ ಸರಿಯಾಗಿದೆಯೇ, ಅಥವಾ ಎಂದೋ ಆಡಳಿತ ನೋಡುತ್ತಿದ್ದವರ ಸ್ವಂತ ಹೆಸರಿಗೆ ಹೋಗಿದೆಯೇ ನೋಡಿ. ಈ ಗೊಂದಲ ಆಗುವುದು ಹೊರಗಿನವರಿಂದ ಮಾತ್ರವಲ್ಲ. ನಮ್ಮವರೇ ಒಳ್ಳೆಯ ಉದ್ದೇಶದಿಂದ ತಮ್ಮ ಹೆಸರಿನಲ್ಲಿ ಕಂದಾಯ ಕಟ್ಟುತ್ತ ಬಂದು, ಮೂರನೇ ತಲೆಮಾರಿಗೆ ಅದು ಕುಟುಂಬದ ಆಸ್ತಿ ಎನಿಸಿಕೊಳ್ಳುವುದೂ ಉಂಟು.

ಅಳತೆಯ ದಾಖಲೆಗಳಾದ ಟಿಪ್ಪಣಿ, ಆಕಾರಬಂದ್, ಗ್ರಾಮ ನಕ್ಷೆ ಭೂಮಾಪನ ಇಲಾಖೆಯಲ್ಲಿ ಸಿಗುತ್ತವೆ. ನೋಂದಣಿಯಾದ ಕ್ರಯಪತ್ರ, ದಾನಪತ್ರಗಳ ದೃಢೀಕೃತ ಪ್ರತಿ ಮತ್ತು ಋಣಭಾರ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಶುಲ್ಕ ಕೊಟ್ಟು ಪಡೆಯಬಹುದು. ಗ್ರಾಮ ಪಂಚಾಯ್ತಿ ಆಸ್ತಿಗೆ ಇ-ಸ್ವತ್ತು ನಮೂನೆ 9 ಮತ್ತು 11 ಇವೆ. ಇಂಥ ಸೇವೆಗಳಲ್ಲಿ ಹಲವು 2011ರ ಸಕಾಲ ಕಾಯ್ದೆಯಡಿ ಬರುತ್ತವೆ. ನಿಗದಿತ ದಿನದೊಳಗೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಅವಕಾಶವಿದೆ. ಆದ್ದರಿಂದ ಸಕಾಲ ಸ್ವೀಕೃತಿಯನ್ನು ಬಿಸಾಡಬೇಡಿ.

ಮಾಹಿತಿ ಹಕ್ಕು ಬೇಕಾಗುವುದು ಇವುಗಳ ಹಿಂದಿನ ಕಡತಕ್ಕೆ. ಖಾತೆ ಯಾವ ಆದೇಶದ ಮೇಲೆ ಬದಲಾಯಿತು? ಬಸದಿ ಪಕ್ಕದ ಚರಂಡಿ ಕಾಮಗಾರಿಗೆ ಅಂದಾಜು ಎಷ್ಟು, ಬಿಲ್ ಎಷ್ಟು? ಅನುದಾನ ಮಂಜೂರಾಗಿ ಬಿಡುಗಡೆಯಾಯಿತೇ? ಇವು ಯಾವ ಆನ್‌ಲೈನ್ ಪುಟದಲ್ಲೂ ಪೂರ್ತಿ ಸಿಗುವುದಿಲ್ಲ.

ಯಾವ ಕಚೇರಿಗೆ

ಗ್ರಾಮ ಪಂಚಾಯ್ತಿಯಲ್ಲಿ ಸಾಮಾನ್ಯವಾಗಿ ಪಿಡಿಒ ಅವರೇ ಸಾರ್ವಜನಿಕ ಮಾಹಿತಿ ಅಧಿಕಾರಿ. ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಇನಾಂ, ಭೂ ನ್ಯಾಯಮಂಡಳಿ, ತಸ್ತೀಕ್ ವಿಷಯ ತಹಸೀಲ್ದಾರ್ ಕಚೇರಿಗೆ. ಬಸದಿ ಜೀರ್ಣೋದ್ಧಾರದ ಅನುದಾನ, ವಿದ್ಯಾರ್ಥಿವೇತನ ಇತ್ಯಾದಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ. ಆ ಹಣದ ಕಾಮಗಾರಿಯನ್ನು ನಿರ್ಮಿತಿ ಕೇಂದ್ರ ಅಥವಾ ಕೆಆರ್‌ಐಡಿಎಲ್ ಮಾಡಿದ್ದರೆ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕ ಅಲ್ಲಿರುತ್ತದೆ.

ಸಂರಕ್ಷಿತ ಸ್ಮಾರಕಗಳ ವಿಷಯದಲ್ಲಿ ಎಚ್ಚರ ಬೇಕು. ಕಾರ್ಕಳದ ಚತುರ್ಮುಖ ಬಸದಿ, ಹಳೇಬೀಡಿನ ಪಾರ್ಶ್ವನಾಥ ಬಸದಿ, ಲಕ್ಕುಂಡಿಯ ಬ್ರಹ್ಮ ಜಿನಾಲಯದಂಥವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅಧೀನದವು. ಅದು ಕೇಂದ್ರದ ಕಚೇರಿ. ಹಾಗಾಗಿ ಎರಡನೇ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುತ್ತದೆ. ರಾಜ್ಯ ಪುರಾತತ್ತ್ವ ಇಲಾಖೆಯ ಅಧೀನದ ಬಸದಿಯಾದರೆ ರಾಜ್ಯ ಮಾಹಿತಿ ಆಯೋಗಕ್ಕೆ.

ತಪ್ಪಿ ಬೇರೆ ಕಚೇರಿಗೆ ಅರ್ಜಿ ಕೊಟ್ಟರೂ ಅದು ವ್ಯರ್ಥವಲ್ಲ. ಸೆಕ್ಷನ್ 6(3) ಪ್ರಕಾರ ಅವರೇ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು.

ಪ್ರಶ್ನೆ ಬೇಡ, ದಾಖಲೆ ಕೇಳಿ

ನಮ್ಮವರ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ‘ಬಸದಿ ರಸ್ತೆಯನ್ನು ಏಕೆ ಇನ್ನೂ ಮಾಡಿಲ್ಲ? ಇದಕ್ಕೆ ಯಾರು ಹೊಣೆ?’ ಎಂದು ಬರೆದರೆ ಅದು ದೂರು. ಕಚೇರಿ ತನ್ನಲ್ಲಿರುವ ದಾಖಲೆಯನ್ನು ಕೊಡಬೇಕೇ ಹೊರತು ಹೊಸದಾಗಿ ವಿವರಣೆ ಬರೆದು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದೇ ವಿಷಯವನ್ನು ಹೀಗೆ ಕೇಳಬಹುದು: ಆ ರಸ್ತೆ ಸೇರಿದ್ದ ಕ್ರಿಯಾ ಯೋಜನೆಯ ಪ್ರತಿ, ಅನುಮೋದನೆ ನೀಡಿದ ಸಭಾ ನಡವಳಿಯ ಪ್ರತಿ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಪಾವತಿ ಮಾಡಿದ ವೋಚರ್. ಏಕೆ ಆಗಲಿಲ್ಲ ಎಂಬುದು ಈ ಐದು ಕಾಗದ ಓದಿದರೆ ತಾನೇ ತಿಳಿಯುತ್ತದೆ.

ತಿದ್ದುಪಡಿಯ ನಂತರ ಇದಕ್ಕೆ ಇನ್ನೊಂದು ಕಾರಣ ಸೇರಿದೆ. ‘ಇಂಥ ನೌಕರರ ರಜೆಯ ವಿವರ ಕೊಡಿ’, ‘ಇಂಥವರಿಗೆ ಏಕೆ ಮನೆ ಮಂಜೂರಾಯಿತು’ ಎಂದು ವ್ಯಕ್ತಿಯನ್ನು ಹೆಸರಿಸಿ ಕೇಳಿದರೆ 8(1)(ಜೆ) ತಕ್ಷಣ ಅಡ್ಡ ಬರುತ್ತದೆ. ಕಾಮಗಾರಿ, ಹಣ, ಆದೇಶ, ಸರ್ವೆ ನಂಬರು ಹೇಳಿ ಕೇಳಿದರೆ ಅದು ಕಚೇರಿಯ ಕೆಲಸದ ದಾಖಲೆ. ಅದರಲ್ಲಿ ಯಾರದೋ ಆಧಾರ್ ಸಂಖ್ಯೆ, ಫೋನ್ ನಂಬರು ಇದ್ದರೆ ಅದನ್ನಷ್ಟೇ ಮುಚ್ಚಿ ಉಳಿದದ್ದನ್ನು ಕೊಡಲು ಸೆಕ್ಷನ್ 10 ಹೇಳುತ್ತದೆ. ಸರ್ಕಾರಿ ಸಹಾಯಧನದ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಕಚೇರಿ ತಾನಾಗಿ ಪ್ರಕಟಿಸಬೇಕು ಎನ್ನುವ ಸೆಕ್ಷನ್ 4(1)(ಬಿ) ಬದಲಾಗಿಲ್ಲ. ರಕ್ಷಿಸಬೇಕಾದ ಹಿತಕ್ಕೆ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ ಸೆಕ್ಷನ್ 8(2) ಕೂಡ ಹಾಗೆಯೇ ಇದೆ. ಆದರೆ ಆ ಸಾರ್ವಜನಿಕ ಹಿತ ಏನು ಎಂಬುದನ್ನು ಈಗ ಅರ್ಜಿದಾರರೇ ಒಂದೆರಡು ಸಾಲಿನಲ್ಲಿ ಬರೆದರೆ ಒಳ್ಳೆಯದು.

ನಿಮ್ಮದೇ ಅರ್ಜಿಯ ಸ್ಥಿತಿ, ನಿಮ್ಮ ಮಗುವಿನ ವಿದ್ಯಾರ್ಥಿವೇತನದ ಕಡತ, ಪ್ರವರ್ಗ 3ಬಿ ಪ್ರಮಾಣಪತ್ರ ಕೋರಿದ ‘ಜೈನ ದಿಗಂಬರ’ ಅರ್ಜಿ ತಿರಸ್ಕಾರವಾದ ಟಿಪ್ಪಣಿ ಹಾಳೆ ಕೇಳುವಾಗ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ. ನಿಮ್ಮ ಮಾಹಿತಿಯನ್ನು ನಿಮ್ಮಿಂದಲೇ ಮುಚ್ಚಿಡುವುದು ಈ ಕಾಯ್ದೆಯ ಉದ್ದೇಶವಲ್ಲ.

ಅರ್ಜಿಯ ಮಾದರಿ

ಕರ್ನಾಟಕದ ನಿಯಮದಂತೆ ಅರ್ಜಿ ನಮೂನೆ ‘ಎ’ಯಲ್ಲಿ ಇರಬೇಕು, ಶುಲ್ಕ 10 ರೂಪಾಯಿ, ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಪಂಚಾಯ್ತಿಯ ಐದು ವರ್ಷದ ಎಲ್ಲ ಲೆಕ್ಕ ಕೊಡಿ ಎಂದು ಬರೆದರೆ ತಿರಸ್ಕಾರಕ್ಕೆ ನಾವೇ ಕಾರಣ ಕೊಟ್ಟಂತೆ. ಒಂದು ಮಾದರಿ ಇಲ್ಲಿದೆ:

‘ವಿಷಯ: …… ಗ್ರಾಮದ ಬಸದಿ ಆಸ್ತಿಯ ಖಾತೆ ಕಡತ.
…… ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಆಸ್ತಿ ಸಂಖ್ಯೆ …… ಕ್ಕೆ ಸಂಬಂಧಿಸಿ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಒದಗಿಸಲು ಕೋರಿದೆ.
1. …… ರಿಂದ …… ವರೆಗಿನ ಸಾಲುಗಳ ತೆರಿಗೆ ಬೇಡಿಕೆ ವಹಿಯಲ್ಲಿ ಈ ಆಸ್ತಿಯ ನಮೂದು ಇರುವ ಪುಟಗಳು.
2. ಖಾತೆ ಬದಲಾವಣೆ ಆಗಿದ್ದಲ್ಲಿ ಅದರ ಅರ್ಜಿ, ಸಭಾ ನಡವಳಿ ಮತ್ತು ಆದೇಶ.
3. ಆಸ್ತಿಯ ಅಳತೆ ಮತ್ತು ಚೆಕ್‌ಬಂದಿ ನಮೂದಾಗಿರುವ ದಾಖಲೆ.
ಪ್ರತಿ ನೀಡುವ ಮೊದಲು ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ತಿಳಿಸಬೇಕಾಗಿ ವಿನಂತಿ.’

ಕೊನೆಯ ಸಾಲು ಮುಖ್ಯ. ಕಡತ ನೋಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ಬೇಕಾದ ಪುಟ ಗುರುತಿಸಿ ಪ್ರತಿ ಪಡೆಯುವುದು ಸೆಕ್ಷನ್ 2(ಜೆ) ಕೊಟ್ಟಿರುವ ಹಕ್ಕು. ಇನ್ನೂರು ಪುಟಕ್ಕೆ ದುಡ್ಡು ಕಟ್ಟುವ ಬದಲು ಹತ್ತು ಪುಟದಲ್ಲಿ ಕೆಲಸ ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮ. ಮಾಹಿತಿ ಕೇಳುವ ಹಕ್ಕು ಇರುವುದು ನಾಗರಿಕರಿಗೆ. ಬಸದಿ ಟ್ರಸ್ಟಿನ ಲೆಟರ್‌ಹೆಡ್‌ನಲ್ಲಿ, ಸಂಘದ ಹೆಸರಿನಲ್ಲಿ ಕೊಟ್ಟ ಅರ್ಜಿಯನ್ನು ‘ಸಂಸ್ಥೆ ನಾಗರಿಕನಲ್ಲ’ ಎಂದು ತಿರಸ್ಕರಿಸಲು ದಾರಿಯಾಗುತ್ತದೆ. ಸಮಿತಿಯ ಒಬ್ಬ ಸದಸ್ಯರು ತಮ್ಮ ಸ್ವಂತ ಹೆಸರು, ವಿಳಾಸದಲ್ಲಿ ಅರ್ಜಿ ಕೊಡಲಿ. ಕಾರಣ ಹೇಳಬೇಕಾದ ಅಗತ್ಯವಿಲ್ಲ ಎಂದು ಸೆಕ್ಷನ್ 6(2) ಹೇಳುತ್ತದೆ. ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು.

ಉತ್ತರ ಬಾರದಿದ್ದರೆ

ಅಧಿಕಾರಿಗೆ ಇರುವ ಅವಧಿ 30 ದಿನ. ಪ್ರತಿಗಳ ಶುಲ್ಕ ಕಟ್ಟಲು ತಿಳಿಸಿದ ದಿನದಿಂದ ನೀವು ಕಟ್ಟುವವರೆಗಿನ ಸಮಯ ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ಪತ್ರ ಬಂದ ಕೂಡಲೇ ಕಟ್ಟಿ. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬಾರದಿದ್ದರೂ, ಬಂದ ಉತ್ತರ ಸರಿಯಿಲ್ಲದಿದ್ದರೂ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅದು 30 ದಿನದಲ್ಲಿ, ಕಾರಣ ಬರೆದರೆ ಗರಿಷ್ಠ 45 ದಿನದಲ್ಲಿ ತೀರ್ಮಾನವಾಗಬೇಕು. ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಆಯೋಗದ ಪೀಠಗಳಿವೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಕಾಗದದ ಮೇಲೆ ಇದು ಚೆನ್ನಾಗಿದೆ. ವಾಸ್ತವದಲ್ಲಿ ಆಯೋಗದ ಮುಂದೆ ಸಾವಿರಾರು ಮೇಲ್ಮನವಿಗಳು ಬಾಕಿ ಇವೆ. ನಿಮ್ಮ ಸರದಿ ಬರುವಷ್ಟರಲ್ಲಿ ವರ್ಷ ಕಳೆಯಬಹುದು. ಆದ್ದರಿಂದಲೇ ಅರ್ಜಿಯ ಮಟ್ಟದಲ್ಲೇ ಕೆಲಸ ಆಗುವಂತೆ ಬರೆಯುವುದು ಜಾಣತನ. ಚಿಕ್ಕ ಅರ್ಜಿ, ನಿರ್ದಿಷ್ಟ ದಾಖಲೆ, ಸೌಮ್ಯ ಮಾತು, ಸ್ವೀಕೃತಿ ಮೊಹರು. ಮೊದಲ ಮೇಲ್ಮನವಿಯನ್ನು ಮಾತ್ರ ಎಂದೂ ಬಿಡಬೇಡಿ. ಮೇಲಧಿಕಾರಿಯ ಮುಂದೆ ಕಡತ ಬಂದಾಗ ಎಷ್ಟೋ ಬಾರಿ ಅಲ್ಲಿಗೇ ಪ್ರತಿ ಸಿಗುತ್ತದೆ.

‘ಊರಲ್ಲಿ ಇರುವವರು ನಾವು’

ಈ ವಿಷಯ ಮಾತಾಡುವಾಗಲೆಲ್ಲ ಹಳ್ಳಿಯ ಹಿರಿಯರು ಹೇಳುವ ಮಾತು ಒಂದೇ: ‘ಊರಲ್ಲಿ ಇರುವವರು ನಾವು. ಪಂಚಾಯ್ತಿಯವರನ್ನು ಎದುರು ಹಾಕಿಕೊಂಡು ಬದುಕಲು ಆಗುತ್ತದೆಯೇ?’ ಈ ಅಳುಕನ್ನು ಹೇಡಿತನ ಎಂದು ತಳ್ಳಿಹಾಕುವುದು ತಪ್ಪು. ಎರಡು ಮನೆಯವರು ಇಡೀ ಊರಿನ ಜೊತೆ ಹೊಂದಿಕೊಂಡು ಬಾಳಬೇಕು. ಮಾಹಿತಿ ಹಕ್ಕನ್ನು ಹಣ ಕೀಳಲು, ಬೆದರಿಸಲು ಬಳಸುವವರೂ ಇರುವುದರಿಂದ ಆ ಹೆಸರು ಕೇಳಿದರೇ ನೌಕರರು ಮುಖ ಸಿಂಡರಿಸುತ್ತಾರೆ.

ಇದಕ್ಕೆ ಕೆಲವು ದಾರಿಗಳಿವೆ. ಅರ್ಜಿ ಹಾಕುವವರು ಆ ಊರಿನವರೇ ಆಗಬೇಕಿಲ್ಲ. ದೇಶದ ಯಾವ ನಾಗರಿಕರೂ ಹಾಕಬಹುದು. ಬೆಂಗಳೂರಿನಲ್ಲಿರುವ ಮಗ, ಮಂಗಳೂರಿನಲ್ಲಿರುವ ಮಗಳು ನೋಂದಾಯಿತ ಅಂಚೆಯಲ್ಲಿ ಕಳಿಸಬಹುದು. ರಾಜ್ಯದ ಮಾಹಿತಿ ಹಕ್ಕು ಆನ್‌ಲೈನ್ ಪೋರ್ಟಲ್‌ನ ಪಟ್ಟಿಯಲ್ಲಿ ಆ ಕಚೇರಿ ಇದ್ದರೆ ಮನೆಯಿಂದಲೇ ಸಲ್ಲಿಸಬಹುದು. ಜಿಲ್ಲಾ ಮಟ್ಟದ ಸಮಾಜದ ಸಂಘಟನೆಗಳು ಒಬ್ಬಿಬ್ಬರಿಗೆ ಈ ಕೆಲಸ ವಹಿಸಿ, ಒಂದೊಂದು ತಾಲ್ಲೂಕಿನ ಬಸದಿಗಳ ದಾಖಲೆಯನ್ನು ಕ್ರಮವಾಗಿ ತರಿಸಬಹುದು. ಯಾರ ಮೇಲೂ ಗುರಿಯಿಡದೆ ಎಲ್ಲ ಬಸದಿಗಳದ್ದನ್ನೂ ಒಟ್ಟಿಗೆ ತರಿಸಿದಾಗ ಅದು ಜಗಳವಾಗಿ ಕಾಣುವುದಿಲ್ಲ.

ನಮ್ಮ ಕಡೆಯಿಂದಲೂ ಸಂಯಮ ಬೇಕು. ದಾಯಾದಿಯ ಮೇಲಿನ ಸಿಟ್ಟಿಗೆ, ಸಮಿತಿ ಚುನಾವಣೆಯ ಹಗೆಗೆ ಈ ಕಾನೂನನ್ನು ಬಳಸಬಾರದು. ಬೇರೊಬ್ಬರ ಖಾಸಗಿತನಕ್ಕೂ ಬೆಲೆ ಇದೆ. ತಿದ್ದುಪಡಿಯ ಭಾಷೆ ಮಿತಿಮೀರಿದ್ದರೂ ಅದರ ಹಿಂದಿನ ಕಾಳಜಿ ಸುಳ್ಳಲ್ಲ.

ದಾಖಲೆ ಕೇಳುವುದು, ಇಡುವುದು ನಮಗೆ ಹೊಸದೂ ಅಲ್ಲ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯ ಅರಸನ ಮುಂದೆ ಹೋಗಿ, ಇಬ್ಬರಲ್ಲೂ ಭೇದವಿಲ್ಲವೆಂದು ತೀರ್ಮಾನವಾದದ್ದನ್ನು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಜೈನರ ಮನೆಗೊಂದು ಹಣದಂತೆ ವರ್ಷಕ್ಕೆ ಎತ್ತಿದ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಕಾವಲಿನವರನ್ನು ನೇಮಿಸಿ, ಮಿಕ್ಕಿದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬ ಲೆಕ್ಕವನ್ನೂ ಕಲ್ಲಿನಲ್ಲಿ ಬರೆಸಲಾಗಿದೆ. ತೀರ್ಪು, ಹಣ, ಅದರ ವಿನಿಯೋಗ ಎಲ್ಲವೂ ದಾರಿಹೋಕರು ಓದುವಂತೆ ಇತ್ತು. ಪಂಚಾಯ್ತಿಯಲ್ಲಿ ನಾವು ಕೇಳುತ್ತಿರುವುದೂ ಅಷ್ಟೇ.

ನಮ್ಮ ಲೆಕ್ಕವೂ ತೆರೆದಿರಲಿ

ಖಾಸಗಿ ಟ್ರಸ್ಟು, ಸಹಕಾರ ಸಂಘಗಳು ಸಾಮಾನ್ಯವಾಗಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಸರ್ಕಾರದಿಂದ ಗಣನೀಯ ಪ್ರಮಾಣದ ಹಣಕಾಸಿನ ನೆರವು ಪಡೆದಿದ್ದರೆ ಮಾತ್ರ ಆ ಪ್ರಶ್ನೆ ಬರುತ್ತದೆ ಎಂಬುದು 2013ರ ತಲಪ್ಪಾಲಂ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಕಾನೂನು ಒತ್ತಾಯಿಸದಿದ್ದರೂ ಬಸದಿಯ ಆದಾಯ-ಖರ್ಚು, ಬಂದ ಅನುದಾನ, ಪಹಣಿಯ ಪ್ರತಿಯನ್ನು ವರ್ಷಕ್ಕೊಮ್ಮೆ ಶ್ರಾವಕರ ಮುಂದೆ ಇಡುವ ಸಮಿತಿಗಳಿಗೆ ಪಂಚಾಯ್ತಿಯಲ್ಲಿ ಕೇಳುವ ನೈತಿಕ ಬಲ ತಾನಾಗಿ ಬರುತ್ತದೆ.

ಕೊನೆಯದಾಗಿ ಒಂದು ಸಲಹೆ. ಮುಂದಿನ ದಶಲಕ್ಷಣ ಪರ್ವದೊಳಗೆ ಪ್ರತಿ ಬಸದಿಯೂ ಒಂದು ಕಡತ ಮಾಡಿಕೊಳ್ಳಲಿ. ಅದರಲ್ಲಿ ಈ ವರ್ಷದ ಪಹಣಿ, ಹಳೆಯ ಕೈಬರಹದ ಪಹಣಿ, ಟಿಪ್ಪಣಿ ಮತ್ತು ನಕ್ಷೆ, ಪಂಚಾಯ್ತಿ ಅಥವಾ ನಗರಸಭೆಯ ಖಾತೆ, ಕೊನೆಯ ತೆರಿಗೆ ರಶೀದಿ, ಭೂ ನ್ಯಾಯಮಂಡಳಿ ಅಥವಾ ಇನಾಂ ಆದೇಶ ಇದ್ದರೆ ಅದರ ಪ್ರತಿ, ತಸ್ತೀಕ್ ಆದೇಶ ಇರಲಿ. ಒಂದು ಪ್ರತಿ ಬಸದಿಯಲ್ಲಿ, ಇನ್ನೊಂದು ಬೇರೆ ಊರಿನ ಸದಸ್ಯರ ಮನೆಯಲ್ಲಿ, ಸ್ಕ್ಯಾನ್ ಮಾಡಿದ್ದು ಇಬ್ಬರ ಫೋನಿನಲ್ಲಿ. ಇದರಲ್ಲಿ ಯಾವ ಕಾಗದ ಇಲ್ಲವೋ ಅದೇ ನಿಮ್ಮ ಮೊದಲ ಅರ್ಜಿಯ ವಿಷಯ.